ಆಂಟೆನಾ ನನ್ನನ್ನು ಹಿಡಿದ ಸಂಜೆ

ಎಂಬತ್ತೈದರ ಬೇಸಿಗೆ, ಒಂದು ಭಾನುವಾರ. ಸಂಜೆಯ ಕನ್ನಡ ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಸ್ಥಳ, ಪೀಣ್ಯದ ಕಾರ್ಖಾನೆಗಳ ಹಿಂದಿನ ಹಳ್ಳಿಯಲ್ಲಿ ನಾವಿದ್ದ ಬಾಡಿಗೆ ಮನೆ. ಹಾಜರಿದ್ದವರು ನನ್ನ ಹೆಂಡತಿ ಸರಸ್ವತಿ, ನನ್ನ ತಾಯಿ, ಮನೆಯ ಮಾಲೀಕ ಮುನಿಯಪ್ಪನವರು, ಮತ್ತು ಟಿ.ವಿ. ಇಲ್ಲದ ಅಕ್ಕಪಕ್ಕದ ಮನೆಗಳವರು.

ಹೀಗೆ ಬರೆಯುವುದು ಕಾರ್ಖಾನೆಯಲ್ಲಿ ಶಿಫ್ಟಿನ ವರದಿ ಬರೆದು ಬಂದ ಅಭ್ಯಾಸ. ಎಲೆಕ್ಟ್ರಿಕಲ್ ವಿಭಾಗದಲ್ಲೇ ಆಯುಷ್ಯ ಕಳೆದವನು ನಾನು. ಕಾರಣವಿಲ್ಲದೆ ಫ್ಯೂಸ್ ಹೋಗುವುದಿಲ್ಲ, ಕಾರಣವಿಲ್ಲದೆ ಮೋಟಾರು ಸುಡುವುದಿಲ್ಲ. ಶಕುನ, ದೆವ್ವ, ಯಾರೋ ಕರೆದಂತಾಯಿತು ಎನ್ನುವ ಮಾತುಗಳಿಗೆಲ್ಲ ಆ ಸಂಜೆಯವರೆಗೆ ನಗುತ್ತಿದ್ದೆ.

ನನ್ನ ತಾಯಿಯ ವಿಷಯ ಮೊದಲೇ ಹೇಳಬೇಕು. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಜ್ವರ ಬಂದು ಅವರ ಎರಡೂ ಕಿವಿ ಹೋಗಿದ್ದವು. ತುಟಿಯಾಡುವುದನ್ನು ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು. ಸಿನಿಮಾವನ್ನೂ ಹಾಗೆಯೇ, ಎಲ್ಲರಿಗಿಂತ ಮುಂದೆ ಕೂತು ನೋಡುತ್ತಿದ್ದರು. ಕರೆಂಟ್ ಎಂದರೆ ಭಯ. ದೀಪದ ಸ್ವಿಚ್ಚನ್ನೂ ಸೊಸೆಯ ಕೈಲೇ ಹಾಕಿಸುತ್ತಿದ್ದರು.

ಆ ದಿನ ಟಿ.ವಿ. ತುಂಬ ಚುಕ್ಕೆಗಳು, ಮುಖಗಳೆಲ್ಲ ಎರಡೆರಡು. ಇದಕ್ಕೆ ನನ್ನದೊಂದು ಕ್ರಮವಿತ್ತು. ಮೊದಲು ಸ್ಟೆಬಿಲೈಸರ್ ನೋಡುವುದು, ಆಮೇಲೆ ಸೆಟ್ಟಿನ ಹಿಂದಿನ ವೈರು, ಕೊನೆಗೆ ಆಂಟೆನಾ. ಮೊದಲೆರಡೂ ಸರಿಯಿದ್ದವು. ತಾರಸಿಗೆ ಹೋದೆ. ಅಲ್ಲಿ ರಾಗಿ ಒಣಗಿಸುವುದು ಮುನಿಯಪ್ಪನವರ ರೂಢಿ. ಕಾಳು ಹರಡುವ ಜಾಗಕ್ಕೆ ಯಾರೂ ಚಪ್ಪಲಿ ಮೆಟ್ಟಿ ಹೋಗುವಂತಿರಲಿಲ್ಲ. ಮರುದಿನ ರಾಗಿ ಹಾಕಲೆಂದು ಆಗಷ್ಟೇ ತಾರಸಿ ತೊಳೆದಿದ್ದರು ಬೇರೆ. ನಾನೂ ರಬ್ಬರ್ ಚಪ್ಪಲಿಯನ್ನು ಮೆಟ್ಟಿಲ ಬುಡದಲ್ಲೇ ಬಿಟ್ಟು, ಒದ್ದೆ ನೆಲದ ಮೇಲೆ ನಿಂತು, ಆಂಟೆನಾದ ಕಂಬವನ್ನು ಎರಡೂ ಕೈಯಲ್ಲಿ ಹಿಡಿದೆ.

ಹಿಡಿದದ್ದಷ್ಟೇ ಗೊತ್ತು. ಮುಷ್ಟಿ ಬಿಗಿದುಕೊಂಡಿತು, ಹಲ್ಲು ಕಚ್ಚಿಕೊಂಡವು. ಕೂಗಬೇಕೆಂದರೆ ನಾಲಿಗೆ ಏಳಲಿಲ್ಲ. ಹಿತ್ತಲಿನ ಬಚ್ಚಲ ದೀಪಕ್ಕೆ ಎಳೆದಿದ್ದ ವೈರನ್ನು ಯಾರೋ ಆ ಕಂಬಕ್ಕೇ ಸುತ್ತಿದ್ದರು. ಗಾಳಿಗೆ ಉಜ್ಜಿ ಉಜ್ಜಿ ಅದರ ಹೊದಿಕೆ ಸವೆದಿತ್ತು. ಇದು ಆಮೇಲೆ ತಿಳಿದದ್ದು.

ಕಿಟಕಿಯ ಹತ್ತಿರ ನಿಂತು ಒಳಗಿನ ಸುದ್ದಿಯನ್ನು ನನಗೆ ದಾಟಿಸುವುದು ಮುನಿಯಪ್ಪನವರ ಕೆಲಸ. ಅವರು ಕೂಗಿದರು: “ಬಂತು ಸಾ, ಬಂತು! ಏನ್ ಚೆಂದಾಗದೆ! ಅಂಗೇ ಇಡ್ಕಳಿ, ಬಿಡ್ಬ್ಯಾಡಿ!”

ಒಳಗಿನಿಂದ ಸರಸ್ವತಿ, “ರೀ, ಅಲ್ಲಾಡ್ಬೇಡಿ! ಕನ್ನಡಿ ಥರ ಬರ್ತಿದೆ ಕಣ್ರೀ!”

ಯಾರೋ ಚಪ್ಪಾಳೆ ತಟ್ಟಿದ್ದೂ ಕೇಳಿಸಿತು. ಸಾಯುತ್ತಿದ್ದೇನೆ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಬಿಡಬೇಡಿ ಎನ್ನುತ್ತಿದ್ದವರಿಗೆ ಅದನ್ನು ತಿಳಿಸುವ ದಾರಿಯೇ ಇರಲಿಲ್ಲ.

ಇದ್ದಕ್ಕಿದ್ದಂತೆ ಬಿಟ್ಟಿತು. ನೆಲಕ್ಕೆ ಬಿದ್ದೆ. ಕಾಲು ಕಂಬದ ಬುಡಕ್ಕೇ ಒರಗಿತ್ತು, ಎಳೆದುಕೊಳ್ಳುವ ಶಕ್ತಿ ಇರಲಿಲ್ಲ. ಕೆಳಗೆ ಗದ್ದಲವೋ ಗದ್ದಲ. “ಅಯ್ಯೋ ಅಜ್ಜೀ, ಫೈಟಿಂಗ್ ಟೇಮಲ್ಲೇ ಆರ್ಸಿಬುಟ್ಟಲ್ಲ! ಬುಡು, ನಾನ್ ಆಕ್ತೀನಿ,” ಎಂದು ಮುನಿಯಪ್ಪನವರು ರೇಗುತ್ತಿದ್ದರು. ಬೇಡ ಎನ್ನಲೂ ನನಗೆ ದನಿ ಬರಲಿಲ್ಲ. ಈಗ ಕರೆಂಟ್ ಹಾಕುತ್ತಾರೆ, ಈಗ ಹಾಕುತ್ತಾರೆ ಎಂದು ಬಿದ್ದಲ್ಲೇ ಕಾದೆ. ಯಾರೂ ಹಾಕಲಿಲ್ಲ.

ಕೊನೆಗೆ ಹೇಗೋ ಕೂತು ಕೂತೇ ಮೆಟ್ಟಿಲಿಳಿದೆ. ನನ್ನ ಮುಖ ನೋಡಿದ್ದೇ ಸರಸ್ವತಿ ಓಡಿ ಬಂದು ತೋಳು ಹಿಡಿದಳು. ಅಮ್ಮ ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಕ್ಕೆಳೆದು, ಎರಡೂ ಕೈಯಿಂದ ಅದುಮಿಕೊಂಡು ನಿಂತಿದ್ದರು. ಬಿಡಿಸಲು ಹೋಗಿ ಮುನಿಯಪ್ಪನವರು ಸೋತಿದ್ದರು.

ಯಾಕಮ್ಮ ಆರಿಸಿದೆ ಎಂದು ಸನ್ನೆ ಮಾಡಿದೆ.

“ನೀನೇ ಕೂಗಿದೆಯಲ್ಲೋ, ‘ಅಮ್ಮಾ, ಬಿಡ್ಸಮ್ಮಾ’ ಅಂತ.”

ನಾನು ಕೂಗಲಿಲ್ಲ ಎಂದೆ.

“ಕೇಳಿಸ್ತು ಕಣೋ. ಶಾಲೆಗೆ ಹೋಗೋವಾಗ ಇತ್ತಲ್ಲ ನಿಂಗೆ, ಆ ದನಿ.”

ಅವರಿಗೆ ಗೊತ್ತಿದ್ದ ನನ್ನ ದನಿ ಅದೊಂದೇ. ದೊಡ್ಡವನಾದ ಮೇಲೆ ನಾನಾಡಿದ ಒಂದು ಮಾತನ್ನೂ ಅವರು ಕಿವಿಯಿಂದ ಕೇಳಿರಲಿಲ್ಲ. ಕಿವಿ ನೆಟ್ಟಗಿದ್ದ ಅಷ್ಟು ಜನರನ್ನೂ ವಿಚಾರಿಸಿದೆ. ಏನೂ ಕೇಳಿಸಲಿಲ್ಲ ಎಂದರು. ಆ ಹಿಡಿಯನ್ನೇ ಎಳೆಯಬೇಕೆಂದು ಹೇಗೆ ತಿಳಿಯಿತು ಎಂದರೆ ಅಮ್ಮ, “ನಂಗೇನು ಗೊತ್ತು?” ಎಂದರು. ಟಿ.ವಿ.ಯಲ್ಲಿ ಏನೋ ಕಂಡು ಹೆದರಿರಬಹುದು ಎಂದು ಎಷ್ಟೋ ವರ್ಷ ಲೆಕ್ಕ ಹಾಕಿದ್ದೇನೆ. ಆದರೆ ಚಿತ್ರ ಆಗ ಎಂದಿಗಿಂತ ಚೆನ್ನಾಗಿ ಬರುತ್ತಿತ್ತು. ವೈರು ಕೆಟ್ಟದ್ದಕ್ಕೆ ಕಾರಣ ಬರೆಯಬಲ್ಲೆ. ಇದಕ್ಕೆ ಇವತ್ತಿಗೂ ಬರೆಯಲಾರೆ, ಓದುವವರು ಕ್ಷಮಿಸಬೇಕು.

ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಎದ್ದು ಹೋದರು. ನಾನು ಚಪ್ಪಲಿ ಮೆಟ್ಟಿಕೊಂಡೇ ಮತ್ತೆ ಮೇಲೆ ಹತ್ತಿದೆ. ಮುನಿಯಪ್ಪನವರು ತಾವೂ ಚಪ್ಪಲಿ ಮೆಟ್ಟಿಯೇ ಬಂದು ಟಾರ್ಚು ಹಿಡಿದರು. ಸವೆದ ವೈರು ಕತ್ತರಿಸಿ, ಸೇರಿಸಿ, ಟೇಪು ಸುತ್ತಿ, ಕಂಬದಿಂದ ದೂರ ಕಟ್ಟಿದೆ. ಬಹಳ ಹೊತ್ತು ಹಿಡಿಯಿತು. ಕೆಳಗೆ ಬಂದರೆ ಅಮ್ಮ ಇನ್ನೂ ಅಲ್ಲೇ ನಿಂತಿದ್ದಾರೆ. ಸರಸ್ವತಿ ಪಕ್ಕದಲ್ಲಿ ಮೇಣದಬತ್ತಿ ಹಿಡಿದು ಅಳುತ್ತಿದ್ದಳು.

“ಇನ್ನು ಕರೆಯಲ್ವಲ್ಲ?” ಎಂದರು ಅಮ್ಮ.

ಇಲ್ಲ ಎಂದು ತಲೆಯಾಡಿಸಿದೆ. ಆದರೂ ಅವರ ಬೆರಳುಗಳು ಸಡಿಲವಾಗಲಿಲ್ಲ. ಒಂದೊಂದಾಗಿ ಬಿಡಿಸಿದೆ. ಆಮೇಲೆ ಮೇನ್ ಹಾಕಿದೆ.