ಗಂಡನ ಹೆಸರು ಹೇಳಿ

ಕಾವೆಂಟ್ರಿಗೆ ಬಂದ ಮರುದಿನ ಬೆಳಿಗ್ಗೆ ಮನೆಯೊಡತಿ ಮೆಟ್ಟಿಲ ಬುಡದಲ್ಲಿ ನಿಂತು ನನ್ನ ಗಂಡನನ್ನು ಹೆಸರು ಹಿಡಿದು ಕೂಗಿದಳು. ಪೂರ್ತಿ ಹೆಸರಲ್ಲ, ಮೊದಲಿನ ಒಂದು ತುಂಡು, "ಟಿಮ್!" ನಾನು ಚಹಾದ ಲೋಟ ಕೆಳಗಿಟ್ಟು ಕಿವಿ ಮುಚ್ಚಿಕೊಂಡೆ. ಇವರು ಮಾತ್ರ ಏನೂ ಆಗದವರಂತೆ ಇಳಿದು ಹೋದರು. ಇಲ್ಲಿ ಹಾಲಿನವನಿಗೂ ಇವರು ಟಿಮ್, ಕಾರ್ಖಾನೆಯಲ್ಲೂ ಟಿಮ್. ಪಕ್ಕದ ಮನೆಯಾಕೆ ಗಂಡನನ್ನೂ ಬೆಕ್ಕನ್ನೂ ಒಂದೇ ರಾಗದಲ್ಲಿ ಹೆಸರಿಟ್ಟು ಕರೆಯುತ್ತಾಳೆ. ಮೊದಲು ಬರುವುದು ಬೆಕ್ಕು. ಹೆಸರು ಹೇಳಿದರೆ ಗಂಡನ ಆಯುಷ್ಯ ಸವೆಯುತ್ತದೆ ಎಂದು ನಂಬಿ ಬೆಳೆದ ನನಗೆ, ಆ ಬೀದಿಯ ಗಂಡಸರೆಲ್ಲ ಇನ್ನೂ ಬದುಕಿರುವುದೇ ಆಶ್ಚರ್ಯವಾಗಿತ್ತು.

ನಗಬೇಡಿ. ಆ ಒಂದು ಹೆಸರಿನ ದೆಸೆಯಿಂದ ನಾನು ಇವರ ಹತ್ತಿರ ಬರುವುದು ಒಂದು ವರ್ಷ ತಡವಾಯಿತು.

ನನ್ನ ತವರು ಭಟ್ಕಳದ ಹತ್ತಿರದ ಬೆಳಕೆ. ಕೊಟ್ಟದ್ದು ಕುಮಟೆಯ ಹತ್ತಿರದ ಹೊಳನಗದ್ದೆಗೆ. ನಡುವೆ ಶರಾವತಿ, ಹೊನ್ನಾವರದ ತಾರಿಯಲ್ಲಿ ದಾಟಬೇಕು. ತಾರಿಯೆಂದರೆ ಹೊಳೆ ದಾಟಿಸುವ ದೋಣಿ. ಮದುವೆಯಾಗಿ ಒಂದು ಮಳೆಗಾಲವೂ ಮುಗಿದಿರಲಿಲ್ಲ, ಇವರು ಯಂತ್ರದ ಕೆಲಸ ಹುಡುಕಿಕೊಂಡು ಇಂಗ್ಲೆಂಡಿಗೆ ಹೊರಟರು. ನೆಲೆ ನಿಂತ ಮೇಲೆ ನನ್ನನ್ನು ಕರೆಸಿಕೊಳ್ಳುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಅಲ್ಲಿಯ ಸರಕಾರ ಹೊಸ ಕಾನೂನು ಮಾಡಿತು. ಹೆಂಡತಿಯಾದವಳು ಮುಂಬಯಿಯ ಕಚೇರಿಗೆ ಹೋಗಿ, ತಾನು ಹೆಂಡತಿಯೇ ಹೌದೆಂದು ತೋರಿಸಿ, ವೀಸಾ ತೆಗೆದುಕೊಂಡೇ ಹಡಗು ಹತ್ತಬೇಕಂತೆ. ಸಪ್ತಪದಿ ತುಳಿದದ್ದು ನಮ್ಮ ಪುರೋಹಿತರಿಗೆ ಸಾಕಾಗಿತ್ತು, ಆ ಸರಕಾರಕ್ಕೆ ಸಾಲದು.

ಹೊಳನಗದ್ದೆಯ ಮನೆಯಲ್ಲಿ ಅತ್ತೆ ಮತ್ತು ನಾನು, ಇಬ್ಬರೇ. ಅತ್ತೆ ವಯಸ್ಸಿರುವಾಗಲೇ ಗಂಡನನ್ನು ಕಳೆದುಕೊಂಡವರು. ಮಾತು ಕಡಿಮೆ. ಒಂದು ಮಧ್ಯಾಹ್ನ ಹಪ್ಪಳ ಲಟ್ಟಿಸುತ್ತಿದ್ದಾಗ, ನಾನು ಕೇಳದೆಯೇ, ಮಾವ ಹೋದ ಕಥೆ ಹೇಳಿದರು.

"ತಾರಿ ಹತ್ರ ಎಲೆಯಡಕೆ ಕವಳದ ಸಂಚಿ ಬಿಟ್ಟಿಕ್ಕೆ ದೋಣಿ ಹತ್ತಿದ್ರು. ದೋಣಿ ಬಿಟ್ಟಾಗಿತ್ತು. ಹೋಯ್ ಹೋಯ್ ಹೇಳಿ ಕರದಿ. ಗಾಳಿಗೆ ಕೇಳಿದ್ದಿಲ್ಲೆ. ಕಡಿಗೆ ಹೆಸರು ಹಿಡಿದು ಕರದಿ, ಕೂಸೇ. ಒಂದೇ ಸಲ." ಲಟ್ಟಣಿಗೆ ನಿಂತಿತು. "ತಿರುಗಿ ನೋಡಿ ನಗ್ಯಾಡಿದ್ರು. ಜ್ವರ ಬಂತು, ಆ ಮಳೆಗಾಲ ದಾಟಿದ್ದಿಲ್ಲೆ."

ಜ್ವರಕ್ಕೂ ಹೆಸರಿಗೂ ಎಂತ ಸಂಬಂಧ ಎಂದು ಕೇಳುವಷ್ಟು ಶಾಲೆ ನಾನು ಕಲಿತಿದ್ದೆ. ಆದರೆ ಕೇಳಲಿಲ್ಲ. ಆ ಹಪ್ಪಳದ ಹಿಟ್ಟಿನ ಮುಂದೆ ಕುಳಿತ ಮುಖವನ್ನು ನೋಡಿದ ಯಾರೂ ಕೇಳುತ್ತಿರಲಿಲ್ಲ.

ಅದೇ ಮುಖವನ್ನು ತಲೆಯೊಳಗೆ ಇಟ್ಟುಕೊಂಡು ನಾನು ಅಣ್ಣನ ಜೊತೆ ಹುಬ್ಬಳ್ಳಿಗೆ ಬಸ್ಸು, ಅಲ್ಲಿಂದ ರೈಲು ಹಿಡಿದು ಮುಂಬಯಿಗೆ ಹೋದೆ. ಅಣ್ಣನನ್ನು ಹೊರಗೇ ಕೂರಿಸಿದರು. ಒಳಗೆ ಮೇಜಿನಾಚೆ ಒಬ್ಬ ಬಿಳಿಯ ಸಾಹೇಬ, ಪಕ್ಕದಲ್ಲಿ ಮಾತು ತಿಳಿಸಿ ಹೇಳಲು ಧಾರವಾಡದ ಕಡೆಯ ಒಬ್ಬ ಹಿರಿಯರು. ಊರು, ಮನೆ, ಮದುವೆಗೆ ಬಂದವರು ಎಲ್ಲ ಕೇಳಿದ ಮೇಲೆ ಸಾಹೇಬ ಅತಿ ಸುಲಭದ ಪ್ರಶ್ನೆ ಕೇಳಿದ.

"ನಿಮ್ಮ ಯಜಮಾನರ ಹೆಸರು ಹೇಳ್ರಿ, ತಂಗಿ," ಎಂದರು ಹಿರಿಯರು.

ನಾನು ಕಾಗದದ ಕಡೆ ಬೆರಳು ಮಾಡಿದೆ.

"ಕಾಗದದಾಗ ಇದ್ದದ್ದು ಅವರಿಗೂ ಕಾಣಸ್ತದ. ನಿಮ್ಮ ಬಾಯಿಂದ ಕೇಳಬೇಕಂತ."

ಬಾಯಿ ತೆರೆದೆ. ಗಾಳಿಯಷ್ಟೇ ಬಂತು. ಹಿರಿಯರಿಗೆ ನನ್ನ ಸಂಕಟ ಅರ್ಥವಾಗಿ ಇಂಗ್ಲಿಷಿನಲ್ಲಿ ಏನೋ ತಿಳಿಸಿ ಹೇಳಿದರು. ಸಾಹೇಬ ತಲೆಯಾಡಿಸಿದ, ಆದರೆ ನಂಬಲಿಲ್ಲ. ಸುಳ್ಳು ಹೆಂಡಿರು ಬರುತ್ತಾರಂತೆ, ಹೆಸರು ಮರೆತು ಹೀಗೇ ತಡವರಿಸುತ್ತಾರಂತೆ. ನನ್ನ ಅರ್ಜಿಯನ್ನು ಬದಿಗಿಟ್ಟು, ಮತ್ತೆ ಕರೆಸುತ್ತೇವೆ ಎಂದುಬಿಟ್ಟ. ಹೊರಗೆ ಬಂದಾಗ ಅಣ್ಣ, "ಎಂತ ಆತು?" ಎಂದ. ವಿಷಯ ಕೇಳಿ ಅವನಿಗೆ ಸಿಟ್ಟು ನೆತ್ತಿಗೇರಿತು. "ಮೂರಕ್ಷರ ಹೇಳಲೆ ಬಾಯಿ ಇಲ್ಲೆ ನಿಂಗೆ?" ಎಂದು ಹುಬ್ಬಳ್ಳಿಯವರೆಗೂ ಬೈದ. ನನಗೆ ಅಳು ಬಂದದ್ದು ಬೈಗುಳಕ್ಕಲ್ಲ. ನಾನು ಮಾತಾಡದೆ ಇವರನ್ನು ಉಳಿಸಿದೆನೋ, ಕಳೆದುಕೊಂಡೆನೋ ಗೊತ್ತಾಗದ್ದಕ್ಕೆ.

ಊರಿಗೆ ಬಂದು ಅತ್ತೆಗೆ ಸುದ್ದಿ ಹೇಳಿದೆ. ತಾವು ಹೇಳಿದ ಕಥೆಯೇ ಸೊಸೆಯ ಕಾಲು ಕಟ್ಟಿತೆಂದು ಅವರಿಗೆ ಗೊತ್ತಿತ್ತು. ನಮ್ಮಲ್ಲಿ ಗಂಡನ ಹೆಸರು ಹೇಳಲು ಒಂದೇ ಒಂದು ಅವಕಾಶ ಉಂಟು. ಮದುವೆ ಮನೆಯ ಊಟದ ಹೊತ್ತಿಗೆ ಮದುಮಗಳನ್ನು ಕಾಡಿಸಿ ಹೆಸರು ಹೇಳಿಸುತ್ತಾರೆ. ಅವಳು ಅದನ್ನು ಪದ್ಯದ ಸಾಲಿನೊಳಗೆ ಹುದುಗಿಸಿ ಹೇಳುತ್ತಾಳೆ. ಪದ್ಯದೊಳಗೆ ಹೇಳಿದರೆ ದೋಷವಿಲ್ಲ. ಮುಂಬಯಿಯಿಂದ ಮತ್ತೆ ಕರೆ ಬಂದಾಗ ಅತ್ತೆ ನನ್ನ ಮದುವೆಯ ಪದ್ಯಕ್ಕೆ ಒಂದು ಮಾತು ಸೇರಿಸಿ ಬಾಯಿಪಾಠ ಮಾಡಿಸಿದರು.

"ಹೊಳೆ ದಾಟಿ ಬಂದೆ, ಹೊಸಿಲು ದಾಟಿ ಬಂದೆ,
ಕೈಹಿಡಿದ ———ರ ಕೂಡೆ ಕಡಲನೂ ದಾಟುವೆನೆಂದೆ."

ಕಡಲು ಅವರು ಸೇರಿಸಿದ್ದು. ಇದ್ದೊಬ್ಬ ಮಗನ ಹಿಂದೆ ಸೊಸೆಯನ್ನೂ ಕಳಿಸಲು ಅವರು ತಮ್ಮ ಕೈಯಾರೆ ಹೊಸೆದ ಸಾಲು ಅದು.

ಎರಡನೆಯ ಸಲ ಅದೇ ಕೋಣೆ, ಅದೇ ಸಾಹೇಬ. ಪ್ರಶ್ನೆ ಬಂದ ಕೂಡಲೇ ಸೆರಗು ಬಿಗಿಮಾಡಿಕೊಂಡು ಎರಡೂ ಸಾಲು ಹೇಳಿಯೇಬಿಟ್ಟೆ. ಧಾರವಾಡದವರ ಮುಖ ಅರಳಿತು. "ಭೇಷ್! ನಮ್ಮಾಕಿನೂ ಹಿಂಗ ಹೇಳಿದ್ದಳು," ಎಂದು ಸಾಹೇಬನಿಗೆ ಕೈಬೀಸಿ ವಿವರಿಸಿದರು. ಸಾಹೇಬನೂ ನಕ್ಕ. ಆಮೇಲೆ ಏನೋ ಅಂದ. ಹಿರಿಯರ ನಗು ಇಳಿಯಿತು.

"ಹಾಡು ಛಲೋ ಆತಂತ. ಈಗ ಹೆಸರೊಂದ ಹೇಳಬೇಕಂತ. ಹೇಳಿಬಿಡ್ರಿ ತಂಗಿ, ಇಷ್ಟು ದೂರ ಬಂದೀರಿ."

ಹೇಳಿದೆ. ಪದ್ಯವಿಲ್ಲ, ಸಾಲಿಲ್ಲ, ಬರಿಯ ಹೆಸರು. ಅದು ಕೋಣೆಯ ಗೋಡೆಗೆ ತಾಗಿ ನನಗೇ ವಾಪಸು ಕೇಳಿಸಿದಂತಾಯಿತು. ಠಸ್ಸೆ ಬಿತ್ತು. ಅಣ್ಣ ಖುಷಿಯಿಂದ ಪೇಡೆ ಕೊಡಿಸಿದ. ನನಗೆ ರುಚಿ ಗೊತ್ತಾಗಲಿಲ್ಲ.

ನಾನು ಹೊರಡುವ ದಿನ ಅತ್ತೆ ಕೈ ಹಿಡಿದು, "ಅವನ ಹತ್ರ ಇರು. ಉಂಬಲೆ ಹಾಕು. ಆದ್ರೆ ಹೆಸರು ಹಿಡಿದು ಕರೆಯಡ," ಎಂದರು.

ಇಲ್ಲಿ ನಮ್ಮದು ಒಂದೇ ಕೋಣೆ. ಚಳಿ ಕಾಯಿಸುವ ಗ್ಯಾಸಿನ ಒಲೆಗೆ ಶಿಲ್ಲಿಂಗ್ ನಾಣ್ಯ ತಿನ್ನಿಸಬೇಕು. ಅದರ ಹಸಿವು ಮುಗಿಯುವುದಿಲ್ಲ. ಊರಲ್ಲಿ ಕಾಯಿ ಒಡೆದ ಸದ್ದಿಗೆ ದಿನ ಶುರುವಾಗುತ್ತಿತ್ತು. ಇಲ್ಲಿ ಕಾಯಿತುರಿ ಪೊಟ್ಟಣದಲ್ಲಿ, ಒಣಗಿ ಹೊಟ್ಟಿನ ಹಾಗೆ, ಸಕ್ಕರೆ ಬೇರೆ ಹಾಕಿ ಸಿಗುತ್ತದೆ. ಅದರಲ್ಲಿ ತಂಬುಳಿ ಮಾಡಿದ ದಿನ ಇವರು ತುಟಿಪಿಟಕ್ಕೆನ್ನದೆ ಉಂಡರು. ಅಂಗಡಿಯಲ್ಲಿ ಕೈಸನ್ನೆ ಬಿಟ್ಟು ಬಾಯಿಂದಲೇ ಆಲೂಗಡ್ಡೆ ಕೇಳಿ ತಂದ ದಿನ ನಾನು ಗೆದ್ದೆ ಅನ್ನಿಸಿತು. ಆದರೆ ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲು. ಇವರು ಬರುವುದು ಸ್ವಲ್ಪ ತಡವಾದರೆ, ಸ್ವಲ್ಪ ಕೆಮ್ಮಿದರೆ, ಮುಂಬಯಿಯ ಆ ಕೋಣೆಯೇ ಕಣ್ಣ ಮುಂದೆ. ಹೇಳಿದವಳು ನಾನು ತಾನೇ.

ಒಂದು ಸಲ ಇವರೇ ಹೇಳಿದರು. "ಇಲ್ಲಿಗೆ ಬಂದಮೇಲೆ ನನ್ನ ಹೆಸರು ಪೂರ್ತಿ ಯಾರೂ ಕರದ್ವಿಲ್ಲೆ. ಆನು ಯಾರು ಹೇಳಿ ನಂಗೇ ಮರ್ತು ಹೋಗ್ತು ಅನ್ಸ್ತು. ಇಲ್ಲಿ ಸರಿಯಾಗಿ ಹೇಳಲೆ ಬಪ್ಪದು ನಿಂಗೊಬ್ಳಿಗೇ." ನಾನು ಪಾತ್ರೆ ತೊಳೆಯುತ್ತಿದ್ದೆ. ತೊಳೆಯುತ್ತಲೇ ಇದ್ದೆ.

ಆಮೇಲೆ ಆ ಮಂಜಿನ ದಿನ ಬಂತು. ಫಾಗ್ ಅನ್ನುತ್ತಾರೆ, ನಮ್ಮ ಹೊಳೆಯ ಮೇಲಿನ ಬೆಳಗಿನ ಮಂಜಲ್ಲ, ಕಲ್ಲಿದ್ದಲ ಹೊಗೆ ಬೆರೆತು ಹಳದಿಯಾದದ್ದು, ಚಾಚಿದ ಕೈ ಕಾಣದು. ಸಂಜೆ ಇವರು ಬರಲಿಲ್ಲ. ಬಸ್ಸುಗಳು ನಿಂತಿವೆಯೆಂದು ಮನೆಯೊಡತಿ ಹೇಳಿದಳು. ತಡೆಯಲಾರದೆ ಬೀದಿಗೆ ಇಳಿದೆ. ಗೋಡೆ ಸವರುತ್ತ ಹೋದಂತೆ ಕಾರ್ಖಾನೆಯಿಂದ ನಡೆದು ಬರುವವರ ಬೂಟಿನ ಸದ್ದು, ಕೆಮ್ಮು. ಇವರ ಕೆಮ್ಮು ಪಕ್ಕದಲ್ಲೇ ಕೇಳಿದಂತಾಗಿ, ದಾಟಿ ದೂರವಾಯಿತು. "ಹೋಯ್" ಎಂದೆ. ಯಾರೂ ನಿಲ್ಲಲಿಲ್ಲ. ನಾಚಿಕೆ ಬಿಟ್ಟು "ಟಿಮ್" ಎಂದೆ. ಯಾರೋ ಒಬ್ಬ ಇಂಗ್ಲಿಷಿನವನು ಹತ್ತಿರ ಬಂದು ಮುಖ ನೋಡಿ, ಟೋಪಿ ಮುಟ್ಟಿ ಹೋದ. ಕೆಮ್ಮು ಇನ್ನೂ ದೂರ ಸರಿಯುತ್ತಿತ್ತು. ಆ ಬದಿಗೆ ದೊಡ್ಡ ರಸ್ತೆ, ಲಾರಿಗಳು.

ಪೂರ್ತಿ ಹೆಸರು ಹಿಡಿದು ಕರೆದೆ, ಹೊಳೆಯ ಆಚೆ ದಡಕ್ಕೆ ಕೇಳುವಷ್ಟು ಗಟ್ಟಿಯಾಗಿ.

ಬೂಟಿನ ಸದ್ದು ನಿಂತಿತು. ಆ ಕಡೆ ಓಡಿದೆ. ದೀಪದ ಕಂಬದ ಕೆಳಗೆ ಇವರು ತಿರುಗಿ ನೋಡಿದರು. ನಕ್ಕರು. ಈ ನಗುವನ್ನು ನಾನು ಮೊದಲೇ ನೋಡಿದ್ದೆ, ಹೊಳನಗದ್ದೆಯಲ್ಲಿ, ಅತ್ತೆಯ ಮಾತಿನಲ್ಲಿ.

"ಇನ್ನೊಂದ್ಸಲ ಕರೆ," ಎಂದರು. ಕಣ್ಣು ಒದ್ದೆಯಾಗಿತ್ತು; ಹೊಗೆಗೂ ಇರಬಹುದು.

"ಮಳೆಗಾಲ ಮುಗಿಲಿ," ಎಂದೆ.

"ಇಲ್ಲಿ ಎಲ್ಲಿದ್ದು ಮಳೆಗಾಲ?"

"ಇಲ್ಲಿದಲ್ಲ. ನಮ್ಮೂರಿಂದು."

ಆ ವರ್ಷ ನಾನು ಕಾವೆಂಟ್ರಿಯಲ್ಲಿ ಕೂತು ಕುಮಟೆಯ ಮಳೆ ಕಾಯ್ದೆ. ಇಲ್ಲಿಯವರು ಬಿಸಿಲು ಬಂತೆಂದು ತೋಟದಲ್ಲಿ ಕುರ್ಚಿ ಹಾಕಿಕೊಂಡರೆ, ನನ್ನ ಮಟ್ಟಿಗೆ ಹೊಳನಗದ್ದೆಯಲ್ಲಿ ಮುಂಗಾರಿನ ಮಿರ್ಗದ ಮಳೆ ಹಿಡಿದಿರುತ್ತಿತ್ತು. ಇವರ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಕೊನೆಗೆ ಅತ್ತೆ ಯಾರಿಂದಲೋ ಬರೆಸಿದ ಕಾಗದ ಬಂತು. ಮಳೆ ಹಿಂದಾಯಿತು, ಗದ್ದೆಯಲ್ಲಿ ತೆನೆ ಬಂದಿದೆ, ನಾನು ಸೌಖ್ಯ, ನೀವಿಬ್ಬರೂ ಸೌಖ್ಯವೆಂದು ತಿಳಿಸಿ.

ಇವರೂ ಓದಿದರು. ಹೋಗಿ ಮೆಟ್ಟಿಲ ಮೇಲೆ ನನಗೆ ಬೆನ್ನು ಮಾಡಿ ಕುಳಿತು ಬೂಟಿನ ದಾರ ಬಿಚ್ಚತೊಡಗಿದರು. ಬಿಚ್ಚಿ ಆದ ಮೇಲೂ ಕುಳಿತೇ ಇದ್ದರು. ಎಂತಕ್ಕೆ ಕಾಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ಮಳೆಗಾಲ ದಾಟಿದ ಗಂಡಸು ಕಣ್ಣೆದುರೇ ಗಟ್ಟಿಮುಟ್ಟಾಗಿ ಇದ್ದ. ಬಾಗಿಲಿಗೆ ಬಂದು ನಿಂತೆ. ಹೆಸರು ನಾಲಗೆಯ ತುದಿಗೆ ಬಂತು.

"ಹೋಯ್," ಎಂದೆ, "ಊಟಕ್ಕೆ ಬನ್ನಿ."