ಮರಿ ಹಾಕಿದ ಸಾಲಿಗ್ರಾಮ

“ನಿಮ್ಮನೇಲಿ ನಮ್ಮ ಸಾಲಿಗ್ರಾಮ ಮರಿ ಹಾಕಿದೆ ಕಣಮ್ಮ,” ಎನ್ನುತ್ತ ಪಕ್ಕದ ಮನೆಯ ಶೇಷಾಚಾರ್ಯರು ಅಮ್ಮನೆದುರು ಕೈಮುಗಿದು ನಿಂತುಬಿಟ್ಟರು.

ಎಪ್ಪತ್ತರ ದಶಕದಲ್ಲಿ ನಾವು ಕುಣಿಗಲ್ಲಿನಲ್ಲಿದ್ದೆವು. ಆಚಾರ್ಯರಿಗೆ ದಾಯಾದಿಯ ಸೂತಕ ಬಂದಾಗ, ಪೂಜೆ ತಪ್ಪಬಾರದೆಂದು ಅವರ ಬುಟ್ಟಿ ತುಂಬ ಸಾಲಿಗ್ರಾಮಗಳನ್ನು ಅಪ್ಪ ನಮ್ಮ ಮನೆಗೆ ತಂದಿದ್ದರು. ಸೂತಕ ಕಳೆದು ವಾಪಸ್ ಕೊಟ್ಟ ಮೇಲೆ ಎಣಿಸಿದರೆ ಒಂದು ಹೆಚ್ಚಿತ್ತಂತೆ.

ಅಮ್ಮನಿಗೆ ತಕ್ಷಣ ಹೊಳೆಯಿತು. ಉಪ್ಪಿನಕಾಯಿ ಜಾಡಿಯೊಳಗೆ ಹೋಳುಗಳ ಮೇಲೆ ಭಾರಕ್ಕಿಡಲೆಂದು ಶಿಂಷಾ ಹೊಳೆಯಿಂದ ತಂದಿದ್ದ ನುಣ್ಣನೆಯ ಕರಿಕಲ್ಲನ್ನು ಅವಳು ಖಾಲಿಯಾದ ಜಾಡಿಯಿಂದ ತೆಗೆದು ತೊಳೆದು ಬಾವಿಕಟ್ಟೆಯ ಮೇಲೆ ಒಣಗಲಿಟ್ಟಿದ್ದಳು. ಅಲ್ಲೇ ಸಾಲಿಗ್ರಾಮ ತೊಳೆದ ಅಪ್ಪ, ಕನ್ನಡಕವಿಲ್ಲದೆ ಅದನ್ನೂ ಬುಟ್ಟಿಗೆ ಸೇರಿಸಿಬಿಟ್ಟಿದ್ದರು.

ನಿಜ ಹೇಳಲು ಅಪ್ಪ ಬಾಯಿ ತೆರೆದರು. ಅಷ್ಟರಲ್ಲಿ ಆಚಾರ್ಯರು, “ಮಕ್ಕಳಿಲ್ಲದ ಮನೆಗೆ ಮಗು ಬಂದ ಹಾಗಾಯ್ತು ಕಣಮ್ಮ,” ಎಂದು ಮರಿಗೆ ಅಭಿಷೇಕ ಮಾಡಿ ತಂದಿದ್ದ ತೀರ್ಥವನ್ನು ಅಮ್ಮನ ಕೈಗೆ ಹಾಕಿದರು. ತೀರ್ಥ ಇಂಗಿನ ವಾಸನೆ ಹೊಡೆಯುತ್ತಿತ್ತು.

ಅಮ್ಮ ಅದನ್ನು ಕುಡಿದು, ಕೈಯನ್ನು ತಲೆಗೆ ಸವರಿಕೊಂಡು, “ಬಾಣಂತೀನ ಬೆಚ್ಚಗಿಡಿ ಆಚಾರ್ರೇ,” ಎಂದಳು.

ಮುಂದೆ ಹೊಳೆಯಿಂದ ಬೇರೆ ಕಲ್ಲು ಬಂತು. ಆದರೆ ಅಂದಿನಿಂದ ಅದನ್ನು ಜಾಡಿಯೊಳಗೆ ಇಡುವ ಮುಂಚೆ ಅಮ್ಮ ಒಮ್ಮೆ ಕಣ್ಣಿಗೊತ್ತಿಕೊಳ್ಳುತ್ತಿದ್ದಳು.