ಹಾಲಿನ ಸೊಸೈಟಿಯ ನರ್ಸಮ್ಮ

ಪ್ರಣೀತಾ ನರ್ಸಿಂಗ್ ಪಾಸಾಗಿ ಎಂಟು ತಿಂಗಳಾಗಿತ್ತು. ಫಸ್ಟ್ ಕ್ಲಾಸು. ಮರ್ಕಂಜದ ಮನೆಯ ಚಾವಡಿಯಲ್ಲಿ ಅವಳು ಮೊಂಬತ್ತಿ ಹಿಡಿದು ಪ್ರತಿಜ್ಞೆ ಮಾಡುತ್ತಿರುವ ಫೋಟೋ ತೂಗುತ್ತಿತ್ತು. ಬಂದ ನೆಂಟರಿಗೆಲ್ಲ ಅದನ್ನು ತೋರಿಸುವ ತಾಯಿ ಕಮಲಾವತಿ, "ಈಗ ಕೆಲಸ ಎಲ್ಲಿ?" ಎಂಬ ಪ್ರಶ್ನೆ ಹುಟ್ಟುವ ಮೊದಲೇ ಚಾ ಇಡಲು ಒಳಗೆ ಓಡುತ್ತಿದ್ದರು.

ಕೆಲಸ ಎಲ್ಲಿಯೂ ಇರಲಿಲ್ಲ. ಅಥವಾ ಇತ್ತು, ಇವಳಿಗಿರಲಿಲ್ಲ. ಕಡಬದ ಒಂದು ಕ್ಲಿನಿಕ್ಕಿನವರು ನರ್ಸಿಂಗ್ ಬಗ್ಗೆ ಏನೂ ಕೇಳದೆ, ಸ್ಕೂಟರ್ ಬರುತ್ತದಾ, ಬಿಲ್ ಟೈಪ್ ಮಾಡಲು ಬರುತ್ತದಾ ಎಂದು ಕೇಳಿದರು. ಪುತ್ತೂರಿನ ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ರೋಸಮ್ಮ ಕನ್ನಡಕದ ಮೇಲಿನಿಂದ ನೋಡಿದರು. ಕೋಡಿಂಬಾಳದವರು, ಮಗಳೇ ಎನ್ನುವಲ್ಲಿ ಮಲಯಾಳದ 'ಮೋಳೇ', ಮೂವತ್ತು ವರ್ಷದ ಸರ್ವೀಸು, ನಗುವಿನಲ್ಲಿ ಭಾರೀ ಮಿತವ್ಯಯ.

"ಎಕ್ಸ್‌ಪೀರಿಯನ್ಸ್ ಉಂಟಾ ಮೋಳೇ?"

"ಕೆಲಸ ಕೊಟ್ಟರೆ ಆಗ್ತದೆ ಮ್ಯಾಡಂ."

"ಎಕ್ಸ್‌ಪೀರಿಯನ್ಸ್ ಮಾಡಿಕೊಂಡು ಬಾ, ಕೆಲಸ ಕೊಡುವ."

ಪ್ರಣೀತಾಗೆ ಅಲ್ಲಿ ನಗು ಬಂತು, ವಾಪಸು ಬಸ್ಸಿನಲ್ಲಿ ಅಳು ಬಂತು. ಮೂರು ತಿಂಗಳು ಬಿಟ್ಟು ಮತ್ತೆ ಹೋದಳು. ಅದೇ ಕನ್ನಡಕ, ಅದೇ ಪ್ರಶ್ನೆ, ಅದೇ ಬಸ್ಸು.

ಅಷ್ಟರಲ್ಲಿ ಸುಳ್ಯದಲ್ಲಿ ಫ್ಯಾನ್ಸಿ ಅಂಗಡಿ ಇಟ್ಟಿದ್ದ ಸೋದರಮಾವ ಹರಿಪ್ರಸಾದ್ ಒಂದು ವಾಯಿದೆ ಹಾಕಿದ. ಊರಿನ ಭೂತಕೋಲ, ಯಕ್ಷಗಾನದ ಆಟ, ಗೌಜಿಗಳೆಲ್ಲ ಮುಗಿಯುವ ಪತ್ತನಾಜೆಯ ದಿನದೊಳಗೆ ಆಸ್ಪತ್ರೆ ಸಿಗದಿದ್ದರೆ ಹುಡುಗಿ ತನ್ನ ಅಂಗಡಿಯ ಕೌಂಟರಿಗೆ ಬರಬೇಕು. ಕಮಲಾವತಿ ಹೂಂ ಎಂದು ತಲೆಯಾಡಿಸಿಬಿಟ್ಟರು. ನಾಲ್ಕು ವರ್ಷ ಮನುಷ್ಯನ ಇನ್ನೂರ ಆರು ಮೂಳೆಗಳ ಹೆಸರು ಬಾಯಿಪಾಠ ಮಾಡಿದವಳು ಇನ್ನು ಹೇರ್‌ಕ್ಲಿಪ್ಪಿನ ಹೆಸರು ಕಲಿಯಬೇಕಾಗಿತ್ತು. ಅವಳಿಗೆ ಅಂಗಡಿಯ ಮೇಲೆ ತಾತ್ಸಾರವಿರಲಿಲ್ಲ, ನರ್ಸ್ ಆಗಬೇಕಿತ್ತು, ಅಷ್ಟೇ.

ಕೈ ಮರೆಯಬಾರದೆಂದು ಅವಳು ಒಂದು ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಹಾಲು ಕೊಡಲು ಸೊಸೈಟಿಗೆ ಹೋಗುವಾಗ ಬಿಪಿ ಮೆಷಿನನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಸಾಲಿನಲ್ಲಿ ನಿಂತವರ ಬಿಪಿ ನೋಡುವುದು. ಒಳ್ಳೆಯ ಕೆಲಸವೇ. ಆದರೆ ಬರೆದುಕೊಳ್ಳಲು ಬೇರೆ ಪುಸ್ತಕ ತಾರದೆ, ಪ್ರತಿಯೊಬ್ಬರ ಹಾಲಿನ ಕಾರ್ಡಿನಲ್ಲೇ, ಫ್ಯಾಟ್ ಬರೆಯುವ ಅಂಕಣದ ಪಕ್ಕದ ಖಾಲಿ ಜಾಗದಲ್ಲಿ, ಬಿಪಿಯನ್ನೂ ಬರೆಯತೊಡಗಿದಳು. ಅಲ್ಲಿಯೇ ಎಡವಟ್ಟಾದದ್ದು.

ಹಾಲಿನ ಸೊಸೈಟಿಯಲ್ಲಿ ನಲವತ್ತು ವರ್ಷದಿಂದ ಎಲ್ಲರಿಗೂ ಗೊತ್ತಿರುವ ಸತ್ಯ ಒಂದೇ: ಕಾರ್ಡಿನಲ್ಲಿ ನಂಬರು ಎಷ್ಟು ದೊಡ್ಡದೋ ಅಷ್ಟು ಮರ್ಯಾದೆ. ಫ್ಯಾಟ್ ನಾಲ್ಕೂವರೆ ಬಂದವನು ಎದೆಯೆತ್ತಿ ನಡೆಯುತ್ತಾನೆ, ಮೂರು ಬಂದವನು ದನಕ್ಕೆ ಬೈಯುತ್ತಾನೆ. ಹದಿನೈದು ದಿನದಲ್ಲಿ ಬಿಪಿಗೂ ಅದೇ ಕಾನೂನು ಬಂತು. ನೂರಹತ್ತು ಬಂದವರು ಮುಖ ಸಣ್ಣ ಮಾಡಿ, "ಇನ್ನೊಮ್ಮೆ ನೋಡು ಮಾರಾಯ್ತಿ, ನಿನ್ನ ಮೆಷಿನ್ ಸರಿ ಇಲ್ಲ" ಎಂದು ತೋಳು ಚಾಚಿದರು. ಒಬ್ಬರಂತೂ ನಂಬರು ಏರಲೆಂದು ಗುಡ್ಡೆ ಹತ್ತಿ ಓಡಿ ಬಂದರು. ನೂರಹತ್ತೇ ಒಳ್ಳೆಯದು, ಏರಿದರೆ ಕಾಯಿಲೆ ಎಂದು ಪ್ರಣೀತಾ ವಿವರಿಸಿ ವಿವರಿಸಿ ಸೋತಳು. ಕಡಿಮೆ ಬಂದವರನ್ನು ಸಮಾಧಾನ ಮಾಡಲು ಹಾಗೆ ಹೇಳುತ್ತಾಳೆ ಪಾಪ, ಒಳ್ಳೆ ಹುಡುಗಿ ಎಂದು ಊರವರು ಅಂದುಕೊಂಡರು.

ಈ ಸ್ಪರ್ಧೆಯಲ್ಲಿ ಎಲ್ಲರನ್ನೂ ಹಿಂದೆ ಹಾಕಿದವನು ಚನಿಯಪ್ಪಜ್ಜ. ಎಪ್ಪತ್ತರ ಹತ್ತಿರದ ಒಂಟಿ ಜೀವ. ಅವನ ದನದ ಹಾಲು ಸೊಸೈಟಿಗೇ ತಮಾಷೆಯ ವಸ್ತು. ಫ್ಯಾಟ್ ಒಂದು ದಿನವೂ ಮೂರು ದಾಟಿದ್ದಿಲ್ಲ. ಅಂಥವನ ಕಾರ್ಡಿನಲ್ಲಿ ಮೊದಲು ನೂರೆಪ್ಪತ್ತು, ಆಮೇಲೆ ನೂರ ಎಂಬತ್ತೆಂಟು, ಆಮೇಲೆ ಒಂದು ದಿನ ಇನ್ನೂರು. ಅಜ್ಜ ಕಾರ್ಡನ್ನು ಶರ್ಟಿನ ಜೇಬಿನಲ್ಲಿ ಹೊರಮುಖವಾಗಿ ಇಟ್ಟುಕೊಂಡು ತಿರುಗತೊಡಗಿದ.

"ಅಜ್ಜ, ಇದು ಭಾರೀ ಡೇಂಜರ್. ಆಸ್ಪತ್ರೆಗೆ ಹೋಗುವ" ಎಂದಳು ಪ್ರಣೀತಾ.

"ಆಸ್ಪತ್ರೆಗೆ ಎಂತಕ್ಕೆ? ಬೆಳಿಗ್ಗೆ ಸ್ವಲ್ಪ ತಲೆ ಭಾರ ಆಗುದು ಬಿಟ್ಟರೆ ನಾನು ಗಟ್ಟಿ ಇದ್ದೇನೆ. ಅಷ್ಟು ನಂಬರ್ ಹೊತ್ತುಕೊಂಡರೆ ಭಾರ ಆಗದೆ ಇರ್ತದಾ?"

ಐದು ದಿನ ಬೇಡಿದಳು, ಬೈದಳು. ಅಜ್ಜ ಜಗ್ಗಲಿಲ್ಲ. ಆರನೆಯ ದಿನ ಅವಳು ನರ್ಸಿಂಗ್ ಪುಸ್ತಕದಲ್ಲಿ ಎಲ್ಲೂ ಇಲ್ಲದ ಉಪಾಯ ಮಾಡಿದಳು.

"ಅಜ್ಜ, ಇಷ್ಟು ದೊಡ್ಡ ರೀಡಿಂಗ್ ನಮ್ಮ ಸೊಸೈಟಿಯಲ್ಲೇ ಇದ್ದರೆ ಯಾರಿಗೆ ಗೊತ್ತಾಗ್ತದೆ? ದೊಡ್ಡ ಡಾಕ್ಟರಿಗೆ ತೋರಿಸ್ಬೇಕು, ಸನ್ಮಾನವೇ ಮಾಡಿಯಾರು."

ಅಜ್ಜ ಯೋಚಿಸಿದ. "ಹಾಗಾದರೆ ಸುಳ್ಯದಲ್ಲಿ ಬೇಡ. ಪುತ್ತೂರಿಗೇ ಹೋಗುವ."

ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಹಣೆಗೆ ಗಂಧ ಹಚ್ಚಿ ಅಜ್ಜ, ಊರಿನಲ್ಲಿ ಬಾಡಿಗೆಗೆ ಓಡಿಸುವ ಅಸ್ಕರನ ಓಮ್ನಿ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತ. ದಾರಿಯುದ್ದಕ್ಕೂ ಗುರುತಿನವರು ಕಂಡರೆ ಕೈ ಬೀಸಿದ. ಪ್ರಣೀತಾ ಹಿಂದೆ ಕೂತು, ಅವನ ಮಾತು ತೊದಲುತ್ತದೋ, ಬಾಯಿ ಸೊಟ್ಟಗಾಗುತ್ತದೋ ಎಂದು ಕನ್ನಡಿಯಲ್ಲಿ ನೋಡುತ್ತಲೇ ಇದ್ದಳು.

ಪುತ್ತೂರಿನ ಅದೇ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನಲ್ಲಿ ಇನ್ನೂರ ಹದಿನಾಲ್ಕು ಬಂತು. ಸಿಸ್ಟರ್ ಓಡಿ ಡಾಕ್ಟರನ್ನು ಕರೆದಳು. ಡಾಕ್ಟರು ಓಡಿ ಬಂದರು. ಗಾಲಿ ಕುರ್ಚಿ ಬಂತು. ಜನ್ಮದಲ್ಲಿ ತನಗಾಗಿ ಯಾರೂ ಇಷ್ಟು ಓಡಿದ್ದನ್ನು ಕಂಡಿರದ ಅಜ್ಜ ಕುರ್ಚಿಯಲ್ಲಿ ಮದುಮಗನ ಹಾಗೆ ಕೂತು ಎಲ್ಲರಿಗೂ ನಮಸ್ಕಾರ ಮಾಡಿದ. ಮಂಚದಲ್ಲಿ ಮಲಗಿಸಿ ಕೈಗೆ ಸೂಜಿ ಚುಚ್ಚಲು ಬಂದಾಗ ಮಾತ್ರ ಅವನಿಗೆ ಸಂಶಯ ಬಂತು.

"ಇದೆಂತ ಪ್ರಣೀತಾ, ಸನ್ಮಾನಕ್ಕೆ ಸೂಜಿ ಎಂತಕ್ಕೆ?"

ಇನ್ನು ಸುಳ್ಳು ನಡೆಯುವಂತಿರಲಿಲ್ಲ. "ಅಜ್ಜ, ನಾನು ಸುಳ್ಳು ಹೇಳಿದ್ದು. ಇದು ಕಾಯಿಲೆ. ನಂಬರ್ ದೊಡ್ಡದಾದರೆ ತಲೆಯ ನರ ಒಡೀತದೆ."

ಅಜ್ಜ ಎದ್ದು ಕೂತ. ಮುಖ ಕೆಂಪೇರಿತು. ಸಿಸ್ಟರನ್ನು ತಳ್ಳಿ, ಚಪ್ಪಲಿ ಹುಡುಕಿ, "ಇಡೀ ಊರಿನ ಎದುರು ನನ್ನನ್ನು ಮಂಗ ಮಾಡಿದಿಯಾ? ನಾನು ಮನೆಗೆ ಹೋಗುದು" ಎಂದು ಕೂಗಿದ. ಗಲಾಟೆ ಕೇಳಿ ಬಾಗಿಲಿಗೆ ರೋಸಮ್ಮ ಬಂದು ನಿಂತರು. ಪ್ರಣೀತಾ ಅವರನ್ನು ಕಂಡಳು. ಇವತ್ತಿಗೆ ಈ ಆಸ್ಪತ್ರೆಯ ಬಾಗಿಲು ತನಗೆ ಪೂರ್ತಿ ಮುಚ್ಚಿತು ಎಂದೂ ತಿಳಿದುಕೊಂಡಳು. ಆದರೂ ಅವಳು ಹಿಡಿದುಕೊಂಡದ್ದು ಅಜ್ಜನ ಕೈಯನ್ನು.

"ಹೋಗಿ ಅಜ್ಜ. ನಾಳೆ ಬೆಳಿಗ್ಗೆ ನೀವು ಹಾಲು ತಗೊಂಡು ಬರದಿದ್ದರೆ ನಾನು ಎಂತ ಮಾಡುದು? ನಾನು ನೋಡಿದ್ದು, ನಾನು ಬರೆದದ್ದು, ಗೊತ್ತಿದ್ದೂ ನಿಮ್ಮನ್ನು ಬಿಟ್ಟೆ ಅಂತ ಆಗುದಿಲ್ವಾ?" ಎಂದು ಜೋರಾಗಿ ಅತ್ತುಬಿಟ್ಟಳು. ನರ್ಸುಗಳು ರೋಗಿಯೆದುರು ಅಳಬಾರದೆಂದು ಮೊದಲ ವರ್ಷದಲ್ಲೇ ಹೇಳಿಕೊಟ್ಟಿದ್ದರು.

ಅಜ್ಜ ಚಪ್ಪಲಿಯನ್ನು ಕಾಲಿನಿಂದ ಮಂಚದಡಿಗೆ ತಳ್ಳಿದ. ಆಮೇಲೆ ಮಲಗಿ ಕೈ ಚಾಚಿದ. "ಚುಚ್ಚುದಾದರೆ ನೀನೇ ಚುಚ್ಚು. ಬೇರೆ ಯಾರೂ ಮುಟ್ಟುದು ಬೇಡ."

"ನಾನು ಇಲ್ಲಿಯ ಸ್ಟಾಫ್ ಅಲ್ಲ ಅಜ್ಜ."

"ಹಾಗಾದರೆ ನಾನೂ ಇಲ್ಲಿಯ ಪೇಷಂಟ್ ಅಲ್ಲ."

ಎಲ್ಲರೂ ರೋಸಮ್ಮನ ಮುಖ ನೋಡಿದರು. ರೋಸಮ್ಮ ಅಜ್ಜನ ಜೇಬಿನಿಂದ ಇಣುಕುತ್ತಿದ್ದ ಹಾಲಿನ ಕಾರ್ಡನ್ನು ಎಳೆದು, ತಾರೀಕು ಸಮೇತ ದಿನಾ ಬರೆದ ಬಿಪಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. "ಡಾಕ್ಟರೇ, ಮೊದಲು ಒಂದು ಮಾತ್ರೆ ಕೊಟ್ಟು ನೋಡಿಕೊಳ್ಳಿ, ಈಗ ಬಂದೆ" ಎಂದು ಆಫೀಸಿಗೆ ಹೋದರು. ಹತ್ತು ನಿಮಿಷದಲ್ಲಿ ಒಂದು ಕಾಗದ, ಒಂದು ಏಪ್ರನ್ ಹಿಡಿದು ಬಂದರು.

"ಟ್ರೈನಿ. ಇವತ್ತಿನಿಂದ. ಸಂಬಳ ಎಷ್ಟು ಅಂತ ಈಗ ಕೇಳ್ಬೇಡ ಮೋಳೇ, ಇನ್ನೊಮ್ಮೆ ಅಳ್ತೀಯ."

ಏಪ್ರನ್ ಮೊಣಕಾಲಿನ ಕೆಳಗೆ ಇಳಿಯುತ್ತಿತ್ತು. ಪ್ರಣೀತಾ ಕಣ್ಣೊರೆಸಿ, ಕೈ ತೊಳೆದು, ನರ ಹುಡುಕಿ, ಒಂದೇ ಚುಚ್ಚಿಗೆ ಸೂಜಿ ಕೂರಿಸಿದಳು. ಅಜ್ಜ ಹಲ್ಲು ಕಚ್ಚಿದ, ಕೂಗಲಿಲ್ಲ. ಅವಳು ಮಂಚದ ಕಾಲಬದಿಯ ಚಾರ್ಟ್ ತೆಗೆದು ಸಮಯ ಬರೆದಳು, ಬಿಪಿ ಬರೆದಳು. ಕೊನೆಯ ಅಂಕಣದಲ್ಲಿ ಅವಳ ಪೆನ್ನು ನಿಂತಿತು. ಕಲಿಯುವ ನಾಲ್ಕು ವರ್ಷ ಆ ಜಾಗದಲ್ಲಿ ಬೇರೆ ಯಾರೋ ಸಹಿ ಹಾಕುತ್ತಿದ್ದರು. ಅವಳು ಬರೆದಳು, ಅಕ್ಷರ ಹಿಗ್ಗಿ ಗೆರೆ ದಾಟಿ ಆಚೆ ಹೋಯಿತು.

"ಎಂತ ಅಷ್ಟುದ್ದ ಬರೀತಿದ್ದಿ?" ಅಜ್ಜ ಕತ್ತೆತ್ತಿ ಕೇಳಿದ. "ಮತ್ತೊಂದು ಕಾಯಿಲೆಯಾ?"

"ಅಲ್ಲ ಅಜ್ಜ," ಎಂದಳು ಪ್ರಣೀತಾ. "ನನ್ನ ಹೆಸರು."